ಕೇಳಿಸುವ ಸೋರಿಕೆ, ಕೇಳಿಸದ ಸೋರಿಕೆ

ಹಳೆಯ ಮೋಟಾರು ದೋಣಿಯ ಎಂಜಿನ್ ಮುಚ್ಚಳ ಎತ್ತಿ, ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ನನ್ನು ಶುರು ಮಾಡಿದಾಗ ಅದರ ಗಡಗಡದ ನಡುವೆ ಬೇರೆಯೇ ಒಂದು ಸದ್ದು ಎದ್ದು ಕೇಳುವುದುಂಟು: ಟಿಕ್, ಟಿಕ್, ಟಿಕ್. ಎಂಟು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಸೆಕೆಂಡಿಗೆ 10 ಸುತ್ತಾಯಿತು. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಹೊಗೆ ಉಗುಳುವುದರಿಂದ ಒಂದೊಂದರದು ಸೆಕೆಂಡಿಗೆ 5 ಬಡಿತ, ಎಂಟೂ ಸೇರಿದರೆ 40. ಎಲ್ಲ ಕಡೆ ಬಿಗಿಯಾಗಿದ್ದರೆ ಈ ನಲವತ್ತೂ ಒಂದರಲ್ಲೊಂದು ಬೆರೆತು ಒಂದೇ ಗುಡುಗಾಗಿ ಕೇಳುತ್ತವೆ. ಯಾವುದೋ ಒಂದು ಸಿಲಿಂಡರಿನ ಬಾಯಲ್ಲಿ ಕೂಡುಜಾಗವನ್ನು ಬಿಗಿಯಾಗಿಡುವ ಗ್ಯಾಸ್ಕೆಟ್ ಸುಟ್ಟು ಕೂದಲೆಳೆಯಷ್ಟು ಸಂದು ಬಿಟ್ಟಿದ್ದರೆ ಆ ಒಂದರ ಬಡಿತ ಮಾತ್ರ ಗುಂಪಿನಿಂದ ಬೇರೆಯಾಗಿ, ಸೆಕೆಂಡಿಗೆ ಐದರಂತೆ ಟಿಕ್‌ಗುಟ್ಟುತ್ತದೆ.

ತೊಡಕೆಂದರೆ, ಸವೆದ ವಾಲ್ವ್ ಲಿಫ್ಟರ್ ಕೂಡ ಇದೇ ಲಯದಲ್ಲಿ ಟಿಕ್ ಎನ್ನುತ್ತದೆ. ಅದನ್ನು ಎತ್ತುವ ಕ್ಯಾಮ್‌ಶಾಫ್ಟ್ ತಿರುಗುವುದೂ ಎಂಜಿನ್ನಿನ ಅರ್ಧ ವೇಗದಲ್ಲೇ. ಹಾಗಾಗಿ ಲಯ ಎಣಿಸಿ ಎರಡನ್ನೂ ಬೇರ್ಪಡಿಸಲಾಗದು. ಬೇರ್ಪಡಿಸುವ ಉಪಾಯ ಬೇರೆ ಇದೆ. ಎಂಜಿನ್ ನಿಲ್ಲಿಸಿ, ಅನುಮಾನ ಬಂದ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ವೈರನ್ನು ಕಳಚಿ, ಕಿಡಿ ಹೊರಗೆ ಹಾರದಂತೆ ಅದನ್ನು ಬ್ಲಾಕಿಗೆ ಭದ್ರವಾಗಿ ಅರ್ಥ್ ಮಾಡಿ, ಮತ್ತೆ ಶುರು ಮಾಡಬೇಕು. ಆ ಸಿಲಿಂಡರಿನಲ್ಲಿ ಈಗ ಪೆಟ್ರೋಲ್ ಉರಿಯುವುದಿಲ್ಲ, ಹೊಗೆಯ ಒತ್ತಡವೂ ಏಳುವುದಿಲ್ಲ. ಟಿಕ್ ಮೆತ್ತಗಾದರೆ ಅದು ಹೊಗೆಯ ಸೋರಿಕೆ. ಹಾಗೇ ಮುಂದುವರಿದರೆ ವಾಲ್ವಿನ ಕಡೆ ನೋಡಬೇಕು. ಈ ಪರೀಕ್ಷೆಗೆ ಮೊದಲು ಎಂಜಿನ್ ಕೋಣೆಯ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸುವುದು ಕಡ್ಡಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ಹೊಟ್ಟೆಯ ತಳದಲ್ಲಿ, ಬಿಲ್ಜ್ ಎನ್ನುವ ಜಾಗದಲ್ಲಿ, ಅದು ಕುಳಿತೇ ಇರುತ್ತದೆ. ಅದಕ್ಕೆ ಒಂದೇ ಒಂದು ಕಿಡಿ ಸಾಕು.

ಕಾರು ಮೆಕ್ಯಾನಿಕ್‌ಗಳಿಗೆ ಇನ್ನೊಂದು ಗುರುತು ಗೊತ್ತು: ತಣ್ಣಗಿದ್ದಾಗ ಕೇಳುವ ಟಿಕ್ ಬಿಸಿಯಾದ ಮೇಲೆ ಮಾಯವಾದರೆ ಅದು ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನ ಸೋರಿಕೆ. ಕಾದ ಕಬ್ಬಿಣ ಹಿಗ್ಗಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ದೋಣಿಯಲ್ಲಿ ಈ ಗುರುತನ್ನು ಅಷ್ಟು ನಂಬಲಾಗದು. ಇಲ್ಲಿ ಮ್ಯಾನಿಫೋಲ್ಡಿನ ಸುತ್ತ ನೀರಿನ ಹೊದಿಕೆ ಇದೆ. ಕಾರಿನಲ್ಲಿ ಕಾದಂತೆ ಕಬ್ಬಿಣ ಇಲ್ಲಿ ಕಾಯುವುದಿಲ್ಲ, ಹಿಗ್ಗುವುದೂ ಕಡಿಮೆ. ದೋಣಿಯ ಎಂಜಿನ್ ನೋಡಲು ಕಾರಿನದರಂತೆಯೇ ಇರುತ್ತದೆ. ಅಮೆರಿಕದ ಹಳೆಯ ಮರ್ಕ್ರೂಸರ್ ದೋಣಿ ಎಂಜಿನ್‌ಗಳಲ್ಲಿ ಬಹುಪಾಲು ಜನರಲ್ ಮೋಟಾರ್ಸ್ ಬ್ಲಾಕುಗಳೇ ಇವೆ. ಆದರೆ ಹೊಗೆ ಸಿಲಿಂಡರಿನ ಬಾಯಿ ದಾಟಿದ ಕ್ಷಣದಿಂದ ಅದರ ದಾರಿ ಪೂರ್ತಿ ಬೇರೆ. ಆ ದಾರಿ ತಿಳಿಯದೆ ಸೋರಿಕೆ ಹುಡುಕಲು ಹೋದವರು ಕೇಳಿಸಿದ ಟಿಕ್ಕನ್ನು ಸರಿಪಡಿಸಿ, ಕೇಳಿಸದ ಅಪಾಯವನ್ನು ಹಾಗೇ ಬಿಟ್ಟು ನೀರಿಗಿಳಿಯುತ್ತಾರೆ. ನನಗೆ ಆತಂಕ ಇರುವುದು ಇದರ ಬಗ್ಗೆಯೇ.

ಇಂಥ ದೋಣಿಗಳ ಚಾಲನಾ ವ್ಯವಸ್ಥೆಯಾದ ಸ್ಟರ್ನ್‌ಡ್ರೈವ್ ಬಂದದ್ದು ಒಂದು ಒಳ್ಳೆಯ ಆಲೋಚನೆಯಿಂದ. ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಮೋಟಾರನ್ನು ಆಳವಿಲ್ಲದ ನೀರಿನಲ್ಲಿ ಮೇಲೆತ್ತಬಹುದು, ಇಡೀ ಮೋಟಾರನ್ನೇ ತಿರುಗಿಸಿ ದಿಕ್ಕು ಬದಲಿಸಬಹುದು. ಒಳಗೆ ಕೂರಿಸುವ ಎಂಜಿನ್ನಿಗೆ ಈ ಸೌಕರ್ಯವಿಲ್ಲ, ಆದರೆ ಶಕ್ತಿ ಹೆಚ್ಚು, ಬಾಳಿಕೆಯೂ ಹೆಚ್ಚು. ಎರಡನ್ನೂ ಕೂಡಿಸಿ, ಎಂಜಿನ್ನನ್ನು ಒಳಗಿಟ್ಟು, ಮೇಲೆತ್ತಿ ತಿರುಗಿಸಬಹುದಾದ ಕಾಲನ್ನು ಮಾತ್ರ ಹೊರಗಿಡುವ ವಿನ್ಯಾಸವನ್ನು ಅಮೆರಿಕದ ಎಂಜಿನಿಯರ್ ಜಿಮ್ ವಿನ್ ರೂಪಿಸಿದರು. ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿ ಅದನ್ನು ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ 1959ರ ನ್ಯೂಯಾರ್ಕ್ ಬೋಟ್ ಪ್ರದರ್ಶನಕ್ಕೆ ತಂದಿತು. 1961ರಲ್ಲಿ ಮರ್ಕ್ರೂಸರ್ ಬಂತು. ಮುಂದಿನ ದಶಕಗಳಲ್ಲಿ ಅಮೆರಿಕದ ಸರೋವರಗಳಲ್ಲಿ ಓಡಾಡಿದ ಕುಟುಂಬದ ದೋಣಿಗಳಲ್ಲಿ ಲೆಕ್ಕವಿಲ್ಲದಷ್ಟು ಈ ಬಗೆಯವೇ.

ಶಕ್ತಿಯನ್ನು ದೋಣಿಯ ಹಿಂಗೋಡೆಯಾದ ಟ್ರಾನ್ಸಮ್ ಮೂಲಕ ಹೊರಗೆ ದಾಟಿಸಿದಂತೆ ಹೊಗೆಯನ್ನೂ ದಾಟಿಸಬೇಕಲ್ಲ? ಸಿಲಿಂಡರಿನಿಂದ ಹೊರಬಿದ್ದ ಹೊಗೆ ಐದಾರು ನೂರು ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಫೈಬರ್‌ಗ್ಲಾಸ್ ದೋಣಿಯ ಮುಚ್ಚಿದ ಹೊಟ್ಟೆಯೊಳಗೆ ಅಷ್ಟು ಬಿಸಿಯ ಬರಿ ಕೊಳವೆ ಓಡಿಸಿದರೆ ಬೆಂಕಿ ಖಚಿತ. ಅದಕ್ಕೇ ಮೊದಲು ನೀರಿನ ಹೊದಿಕೆಯಿರುವ ಬೀಡು ಕಬ್ಬಿಣದ ಮ್ಯಾನಿಫೋಲ್ಡ್. ಅದರ ಮೇಲೆ ಆನೆಯ ಸೊಂಡಿಲಿನ ಬಾಗು ಇರುವ ರೈಸರ್. ಪಂಪು ಸರೋವರದಿಂದ ಎಳೆದ ನೀರು ಎಂಜಿನ್ ತಣಿಸಿ, ಕೊನೆಗೆ ರೈಸರಿನ ಇಳಿಜಾರಿನಲ್ಲಿ ಹೊಗೆಯೊಳಕ್ಕೇ ಸುರಿಯುತ್ತದೆ. ನೀರು ಬೆರೆತ ಮೇಲೆ ಹೊಗೆ ಎಷ್ಟು ತಣ್ಣಗಾಗುತ್ತದೆಂದರೆ ಅಲ್ಲಿಂದ ಮುಂದೆ ರಬ್ಬರ್ ಕೊಳವೆ ಸಾಕಾಗುತ್ತದೆ. ಎಡಬಲದ ಎರಡು ರಬ್ಬರ್ ಕೊಳವೆಗಳು ಒಂದು ಕವಲು ಪೈಪಿಗೆ ಸೇರಿ, ಆ ಪೈಪು ಟ್ರಾನ್ಸಮ್ ದಾಟಿ, ಹೊರಗೆ ಮತ್ತೊಂದು ರಬ್ಬರ್ ತೋಳಿನ ಮೂಲಕ ಹೊರಗಿನ ಕಾಲಾದ ಡ್ರೈವಿನೊಳಗೆ ಇಳಿದು, ಪ್ರೊಪೆಲ್ಲರಿನ ಗುಂಬದ ನಡುವಿಂದ ನೀರಿನಡಿ ಹೊರಬೀಳುತ್ತದೆ. ಡ್ರೈವ್ ಎಡಕ್ಕೆ ಬಲಕ್ಕೆ ಹೊರಳಬೇಕು, ಮೇಲೆ ಏಳಬೇಕು. ಆದ್ದರಿಂದ ಆ ಹೊರಗಿನ ತೋಳು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಬಾಗುವ ರಬ್ಬರಿನದು. ದೋಣಿಯವರು ಅದನ್ನು ಎಕ್ಸಾಸ್ಟ್ ಬೆಲ್ಲೋಸ್ ಎನ್ನುತ್ತಾರೆ.

ಈ ದಾರಿಯಲ್ಲಿ ಪ್ರತಿ ಕೂಡುಜಾಗವೂ ಸೋರಬಲ್ಲದು, ಮತ್ತು ಬಹುಪಾಲು ಸೋರಿಕೆಗಳು ತಮ್ಮದೇ ಗುರುತು ಬಿಡುತ್ತವೆ. ನೀರು ಬೆರೆಯುವ ಮೊದಲಿನ ಸೋರಿಕೆ ಒಣ ಸೋರಿಕೆ: ಟಿಕ್ ಸದ್ದು, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ, ಬಳಿಯ ಬಣ್ಣ ಸುಟ್ಟ ಕಲೆ. ನೀರು ಬೆರೆತ ಮೇಲಿನದು ಒದ್ದೆ ಸೋರಿಕೆ: ಕೆಂಚು ತುಕ್ಕಿನ ಗೆರೆ, ಕಡಲ ದೋಣಿಯಾದರೆ ಒಣಗಿದ ಉಪ್ಪಿನ ಬಿಳಿ ಪುಡಿ, ಬಿಲ್ಜಿನಲ್ಲಿ ಎಲ್ಲಿಂದ ಬಂತೆಂದು ತಿಳಿಯದ ನೀರು. ಟಾರ್ಚ್ ಹಿಡಿದು, ಕೈಗನ್ನಡಿ ಹಿಡಿದು, ಹೊಗೆ ಹೋಗುವ ದಿಕ್ಕಿನಲ್ಲೇ ಒಂದೊಂದು ಕೂಡುಜಾಗವನ್ನೂ ನೋಡುತ್ತ ಹೋಗುವುದು ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಪರೀಕ್ಷೆ. ಕಣ್ಣಿಗೆ ಬೀಳದಿದ್ದರೆ ಎಂಜಿನ್ ನಿಲ್ಲಿಸಿ, ಹೊರಗಿನ ತುದಿಯಿಂದ ತೀರ ಕಡಿಮೆ ಒತ್ತಡದಲ್ಲಿ ಗಾಳಿ ಊದಿ, ಕೂಡುಜಾಗಗಳಿಗೆ ಸೋಪಿನ ನೀರು ಸವರಿದರೆ ಗುಳ್ಳೆ ಏಳುವ ಕಡೆ ಸಂದು ಇದೆ ಎಂದು ಗೊತ್ತಾಗುತ್ತದೆ. ಗಾಳಿಯ ಬದಲು ಹೊಗೆ ತುಂಬುವ ಯಂತ್ರವೂ ಉಂಟು. ನೀರಿಲ್ಲದೆ ಎಂಜಿನ್ ಓಡಿಸಿ ನೋಡುವ ಯೋಚನೆ ಮಾತ್ರ ಬೇಡ. ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್‌ಗೆ ನೀರೇ ಎಣ್ಣೆ. ಒಣಗಿ ತಿರುಗಿದರೆ ನೋಡನೋಡುತ್ತಲೇ ಅದರ ರೆಕ್ಕೆ ಹರಿಯುತ್ತದೆ. ಹರಿದ ಚೂರುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಒಂದು ಕಡೆಯ ರೈಸರಿಗೆ ನೀರು ಸಾಲದೆ ಅದರ ಕೆಳಗಿನ ರಬ್ಬರ್ ಕೊಳವೆ ಬೇಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಡಬಲದ ಎರಡೂ ರೈಸರಿನ ಬಿಸಿ ಅಳೆದು ಹೋಲಿಸಿದರೆ ಈ ಸ್ಥಿತಿ ಮೊದಲೇ ತಿಳಿಯುತ್ತದೆ.

ಸದ್ದು, ಕಲೆ, ವಾಸನೆ ಯಾವುದನ್ನೂ ಬಿಡದ ಸೋರಿಕೆ ಇರುವುದು ಮ್ಯಾನಿಫೋಲ್ಡ್ ಮತ್ತು ರೈಸರಿನ ನಡುವೆ. ಹಳೆಯ ವಿನ್ಯಾಸದಲ್ಲಿ ಈ ಕೂಡುಮುಖದ ಮಧ್ಯೆ ಹೊಗೆಯ ದೊಡ್ಡ ತೂತು, ಅದರ ಸುತ್ತಲೇ ನೀರಿನ ಸಣ್ಣ ತೂತುಗಳು. ಎರಡರ ನಡುವೆ ಇರುವುದು ಕಬ್ಬಿಣದ ಕಿರಿದಾದ ಅಂಚು, ಮೇಲೊಂದು ಗ್ಯಾಸ್ಕೆಟ್, ಅಷ್ಟೆ. ಸೋರಿಕೆ ಹೊರಮುಖವಾದರೆ ನೀರು ತೊಟ್ಟಿಕ್ಕಿ ಎಚ್ಚರಿಸುತ್ತದೆ. ಒಳಮುಖವಾದರೆ ನೀರು ಹೊಗೆಯ ದಾರಿಗೆ ಇಳಿದು, ಎಂಜಿನ್ ನಿಂತಾಗ ತೆರೆದಿರುವ ಯಾವುದೋ ವಾಲ್ವಿನ ಮೂಲಕ ಸಿಲಿಂಡರಿಗೆ ಜಿನುಗುತ್ತದೆ. ನೀರನ್ನು ಅದುಮಿ ಕುಗ್ಗಿಸಲು ಆಗದು. ಮರುದಿನ ಕೀಲಿ ತಿರುಗಿಸಿದಾಗ ಮೇಲೇರುವ ಪಿಸ್ಟನ್ ಆ ನೀರಿಗೆ ಗುದ್ದಿ ನಿಲ್ಲುತ್ತದೆ. ಅದನ್ನು ತಳ್ಳುವ ಉಕ್ಕಿನ ದಂಡವೇ ಬಾಗಬಹುದು. ಒಂದು ಗ್ಯಾಸ್ಕೆಟ್ ಇಡೀ ಎಂಜಿನ್ನನ್ನು ತಿಂದುಹಾಕುವುದು ಹೀಗೆ. 2000ದ ದಶಕದಲ್ಲಿ ಬಂದ ಹೊಸ ವಿನ್ಯಾಸದಲ್ಲಿ ನೀರಿನ ದಾರಿಯನ್ನೂ ಹೊಗೆಯ ದಾರಿಯನ್ನೂ ಕೂಡುಮುಖದಲ್ಲಿ ದೂರ ದೂರ ಇಟ್ಟರು. ಅದಕ್ಕಿಂತ ಹಳೆಯ ದೋಣಿ ಇರುವವರು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡುತ್ತಿರಬೇಕು. ಒಂದೇ ಒಂದು ಪ್ಲಗ್‌ನಲ್ಲಿ ತುಕ್ಕಿನ ಬಣ್ಣ ಕಂಡರೆ ಆ ಬದಿಯ ರೈಸರನ್ನು ಅಂದೇ ಬಿಚ್ಚುವುದು ಒಳ್ಳೆಯದು.

ಬಿಚ್ಚಿದ ಮೇಲೆ ಕಾಣುವುದೂ ಮೋಸಗೊಳಿಸಬಲ್ಲದು. ಬೀಡು ಕಬ್ಬಿಣದಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ ಮೂರರ ಆಸುಪಾಸು ಇಂಗಾಲ ಇರುತ್ತದೆ, ಅದರಲ್ಲಿ ಬಹುಪಾಲು ಗ್ರಾಫೈಟಿನ ಹಾಳೆಗಳಾಗಿ. ಉಪ್ಪುನೀರಿನಲ್ಲಿ ಕಬ್ಬಿಣ ಕರಗಿಹೋದರೂ ಗ್ರಾಫೈಟಿನ ಜಾಲ ತುಕ್ಕಿನೊಡನೆ ಹಾಗೇ ನಿಂತಿರುತ್ತದೆ. ಅಂಚು ಚೂಪಾಗಿಯೇ ಇರುತ್ತದೆ, ಅಳತೆ ಬದಲಾಗಿರುವುದಿಲ್ಲ, ಅಚ್ಚೊತ್ತಿದ ಅಕ್ಷರಗಳನ್ನೂ ಓದಬಹುದು. ಸ್ಕ್ರೂಡ್ರೈವರಿನಿಂದ ಕೆರೆದರೆ ಮಾತ್ರ ಪೆನ್ಸಿಲ್ ಸೀಸದಂಥ ಮೆತ್ತನೆಯ ಬೂದು ಪುಡಿ ಉದುರುತ್ತದೆ. ಫ್ಲೋರಿಡಾದಂಥ ಕಡಲ ತೀರದಲ್ಲಿ ಐದಾರು ವರ್ಷಕ್ಕೆ ಮ್ಯಾನಿಫೋಲ್ಡ್, ರೈಸರ್‌ಗಳನ್ನು ಬದಲಿಸಿಬಿಡುವ ರೂಢಿ ಇರುವುದು ಈ ಕಾರಣಕ್ಕೇ. ಮಿನೆಸೋಟ, ಮಿಷಿಗನ್‌ನ ಸಿಹಿನೀರಿನ ಸರೋವರಗಳಲ್ಲಿ ಅವು ಇದಕ್ಕಿಂತ ಎಷ್ಟೋ ಪಟ್ಟು ಬಾಳುತ್ತವೆ, ಆದರೆ ಅಲ್ಲಿನ ಶತ್ರು ಚಳಿಗಾಲ. ಹೊದಿಕೆಯೊಳಗೆ ನೀರು ಉಳಿದು ಹೆಪ್ಪುಗಟ್ಟಿದರೆ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗಿ ಕಬ್ಬಿಣವನ್ನು ಸೀಳುತ್ತದೆ. ಆ ಸೀಳು ಹೊರಗಿದ್ದರೆ ಪುಣ್ಯ. ಒಳಗೋಡೆಯಲ್ಲಿದ್ದರೆ ಹೊದಿಕೆಯ ತೂತುಗಳನ್ನು ಮುಚ್ಚಿ, ಗಾಳಿಯ ಒತ್ತಡ ಕೊಟ್ಟು, ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡುವುದೊಂದೇ ದಾರಿ.

ಇಂಥ ಕಬ್ಬಿಣಕ್ಕೆ ಎಪಾಕ್ಸಿ ಮೆತ್ತುವುದನ್ನೂ ಬೆಸುಗೆ ಹಾಕಿಸುವುದನ್ನೂ ನಾನು ಒಪ್ಪುವುದಿಲ್ಲ. ಸೋರುವ ತೂತು ಮುಚ್ಚಿದರೂ ಪಕ್ಕದ ಗೋಡೆ ಅದೇ ವಯಸ್ಸಿನದು, ಅದೇ ನೀರು ಕುಡಿದದ್ದು. ಹೊಸದನ್ನು ಎರಡೂ ಬದಿಗೆ ಒಟ್ಟಿಗೇ ಹಾಕಬೇಕು. ಕಬ್ಬಿಣ ಗಟ್ಟಿಯಾಗಿದ್ದು ಗ್ಯಾಸ್ಕೆಟ್ ಮಾತ್ರ ಸುಟ್ಟಿದ್ದರೆ ಕೆಲಸ ಸಣ್ಣದು, ಆದರೆ ತಾಳ್ಮೆಯದು. ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಉಣಿಸಿ, ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬಿಚ್ಚಬೇಕು. ಸಿಲಿಂಡರ್ ಹೆಡ್ಡಿನೊಳಗೆ ಮುರಿದ ಬೋಲ್ಟನ್ನು ಕೊರೆದು ತೆಗೆಯುವುದು ಇಡೀ ರಿಪೇರಿಗಿಂತ ದೊಡ್ಡ ಕೆಲಸ. ಎರಡೂ ಮುಖಗಳಿಗೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಮುಖ ಬಾಗಿದ್ದರೆ ವರ್ಕ್‌ಶಾಪಿನಲ್ಲಿ ಉಜ್ಜಿಸದೆ ಯಾವ ಗ್ಯಾಸ್ಕೆಟ್ಟೂ ನಿಲ್ಲದು. ಗ್ಯಾಸ್ಕೆಟ್ ಕೊಳ್ಳುವಾಗ ಅದರ ನೀರಿನ ತೂತುಗಳನ್ನು ಹಳೆಯದರ ಮೇಲಿಟ್ಟು ಹೋಲಿಸಬೇಕು. ಕೆಲವು ಎಂಜಿನ್‌ಗಳಿಗೆ ತೂತು ಪೂರ್ತಿ ತೆರೆದದ್ದು, ಕೆಲವಕ್ಕೆ ನೀರನ್ನು ತಡೆದು ಅಳತೆಯಲ್ಲಿ ಬಿಡುವಂಥದ್ದು, ರೇಡಿಯೇಟರ್ ದ್ರವ ಬಳಸುವ ಎಂಜಿನ್‌ಗಳಲ್ಲಿ ಕೆಲವಕ್ಕೆ ಪೂರ್ತಿ ಮುಚ್ಚಿದ್ದು. ತಪ್ಪಾದದ್ದು ಕೂರಿಸಿದರೆ ಸೋರಿಕೆ ನಿಂತು ಎಂಜಿನ್ ಕಾಯಲು ಶುರುವಾಗುತ್ತದೆ.

ರಬ್ಬರ್ ಕೊಳವೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ದೋಣಿಯ ಒದ್ದೆ ಎಕ್ಸಾಸ್ಟಿಗೆಂದೇ ತಯಾರಾದ, ಎಸ್‌ಎಇ ಜೆ2006 ಎಂಬ ಗುರುತಿನ ಕೊಳವೆ ಬೇಕು. ಕಾರಿನ ರೇಡಿಯೇಟರ್ ಕೊಳವೆ ಸಲ್ಲದು. ಪ್ರತಿ ತುದಿಗೂ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್ ಹಾಕಬೇಕು, ಕ್ಲಾಂಪಿನ ಸ್ಕ್ರೂ ಕೂಡ ಸ್ಟೇನ್‌ಲೆಸ್ ಆಗಿರಬೇಕು. ಪಟ್ಟಿ ಹೊಳೆಯುತ್ತಿದ್ದು ಸ್ಕ್ರೂ ಮಾತ್ರ ತುಕ್ಕಾಗಿ ತುಂಡಾದ ಕ್ಲಾಂಪುಗಳು ಹಳೆಯ ದೋಣಿಗಳಲ್ಲಿ ಎಷ್ಟೋ ಸಿಗುತ್ತವೆ. ಕವಲು ಪೈಪು ಟ್ರಾನ್ಸಮಿಗೆ ಕೂಡುವಲ್ಲಿ ಸೋರಿದರೆ ಮಾತ್ರ ದುಃಖದ ಸುದ್ದಿ: ಎಷ್ಟೋ ದೋಣಿಗಳಲ್ಲಿ ಎಂಜಿನ್ನನ್ನೇ ಎತ್ತಿ ತೆಗೆಯದೆ ಆ ಬೋಲ್ಟುಗಳಿಗೆ ಕೈ ತಲುಪುವುದಿಲ್ಲ.

ಇನ್ನು ಹೊರಗಿನ ಬೆಲ್ಲೋಸ್. ಡ್ರೈವಿಗೆ ಶಕ್ತಿ ಸಾಗಿಸುವ ಶಾಫ್ಟನ್ನು ಕಾಯುವ ಬೆಲ್ಲೋಸ್ ಹರಿದರೆ ದೋಣಿ ಮುಳುಗಬಹುದು. ಅದರ ಪಕ್ಕದಲ್ಲೇ ಇರುವ ಎಕ್ಸಾಸ್ಟ್ ಬೆಲ್ಲೋಸ್ ಹರಿದರೆ ನೀರು ಒಳಗೆ ಬರುವುದಿಲ್ಲ, ಹೊಗೆ ಹೊರಗೇ ಹೋಗುತ್ತದೆ. ಆದ್ದರಿಂದ ‘ಅದು ಇದ್ದರೂ ಆಯಿತು, ಹೋದರೂ ಆಯಿತು’ ಎನ್ನುವ ಮಾತು ಬೋಟ್ ಅಂಗಳಗಳಲ್ಲಿ ಚಾಲ್ತಿಯಲ್ಲಿದೆ. ದೋಣಿ ಮುಳುಗುವುದಿಲ್ಲ ಎಂಬುದು ನಿಜ. ಆದರೆ ಪ್ರೊಪೆಲ್ಲರಿನ ಹಿಂದೆ, ನೀರಿನಾಳದಲ್ಲಿ ಹೊರಬೀಳಬೇಕಿದ್ದ ಹೊಗೆ ಈಗ ಟ್ರಾನ್ಸಮಿನ ಬುಡದಲ್ಲೇ, ಈಜುವವರು ಹತ್ತಿ ಇಳಿಯುವ ಹಲಗೆಯ ಅಡಿಯಲ್ಲೇ ಗುಳುಗುಳು ಏಳುತ್ತದೆ.

ಆ ಹೊಗೆಯಲ್ಲಿ ಏನಿದೆ ಎಂದು ನೋಡಿ. ಕಾರ್ಬ್ಯುರೇಟರಿನ ಹಳೆಯ ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾವಾರು ಲೆಕ್ಕದಲ್ಲೇ ಇರುತ್ತದೆ. ಶೇ 1 ಎಂದರೂ ಹತ್ತು ಲಕ್ಷ ಭಾಗದಲ್ಲಿ 10,000 ಭಾಗ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಯೋಷ್ ಪ್ರಕಾರ 1,200 ಭಾಗವೇ ಜೀವಕ್ಕೆ ತಕ್ಷಣದ ಅಪಾಯ. ಕಾರುಗಳಿಗೆ 1970ರ ದಶಕದಲ್ಲೇ ಬಂದ ಕ್ಯಾಟಲಿಟಿಕ್ ಕನ್ವರ್ಟರ್ ಸ್ಟರ್ನ್‌ಡ್ರೈವ್‌ಗಳಿಗೆ ಅಮೆರಿಕದಾದ್ಯಂತ ಬಂದದ್ದು 2010ರ ನಿಯಮದ ನಂತರ. ಹಳೆಯ ದೋಣಿಯಲ್ಲಿ ಅದಿಲ್ಲ. ನೀರು ಹೊಗೆಯ ಬಿಸಿ ಇಳಿಸುತ್ತದೆ, ಸದ್ದು ಅಡಗಿಸುತ್ತದೆ, ಮಸಿಯನ್ನೂ ಒಂದಿಷ್ಟು ತೊಳೆಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಮಾತ್ರ ನೀರಿನಲ್ಲಿ ಕರಗುವುದು ತೀರ ಕಡಿಮೆ. ಗುಳ್ಳೆಯಾಗಿ ಮೇಲೆದ್ದು ಗಾಳಿ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ತೂಕ ಗಾಳಿಯದೇ ಹೆಚ್ಚುಕಡಿಮೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟುತ್ತದೆ. ಒಳ್ಳೆಯ ಗಾಳಿಗೆ ಬಂದ ಮೇಲೂ ಅಂಟಿದ್ದರಲ್ಲಿ ಅರ್ಧ ಬಿಡಲು ನಾಲ್ಕೈದು ಗಂಟೆ ಬೇಕು. ಬೆಂಗಳೂರಿನಲ್ಲಿ ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್ ಜನರನ್ನು ಕೊಂದ ಸುದ್ದಿ ಓದಿದವರಿಗೆ ಈ ಅನಿಲದ ಪರಿಚಯ ಇದ್ದೇ ಇದೆ. ಆದರೆ ಬಯಲಲ್ಲಿ, ನೀಲಿ ಆಕಾಶದ ಕೆಳಗೆ, ಗಾಳಿ ಬೀಸುವ ಸರೋವರದ ನಡುವೆ ಅದೇ ಅನಿಲ ಕೊಲ್ಲಬಲ್ಲದು ಎಂದರೆ ನಂಬಿಕೆ ಬರುವುದಿಲ್ಲ.

ನಂಬಲೇಬೇಕಾದ ಪಾಠವನ್ನು ಯೂಟಾ ಮತ್ತು ಅರಿಜೋನಾ ಗಡಿಯ ಲೇಕ್ ಪೊವೆಲ್ ಕಲಿಸಿತು. ಅಲ್ಲಿನ ಹೌಸ್‌ಬೋಟುಗಳಲ್ಲಿ ಜನರೇಟರಿನ ಹೊಗೆಯನ್ನು ಹಿಂಬದಿಯ ಈಜು ಹಲಗೆಯ ಅಡಿಗೆ ಬಿಡುವ ವಿನ್ಯಾಸವಿತ್ತು. 2000ದಲ್ಲಿ ಅಲ್ಲಿ ಈಜುತ್ತಿದ್ದ ಇಬ್ಬರು ಮಕ್ಕಳು ಸತ್ತ ಮೇಲೆ ನಯೋಷ್ ತಂಡ ಬಂದು ಅಳೆದಾಗ, ಹಲಗೆಯ ಅಡಿಯ ಗಾಳಿಯಲ್ಲಿ ಆ 1,200ರ ಮಿತಿ ಎಷ್ಟೋ ಪಟ್ಟು ಮೀರಿತ್ತು. ಮುಳುಗಿ ಸತ್ತರು ಎಂದು ಬರೆದುಕೊಂಡಿದ್ದ ಹಳೆಯ ಸಾವುಗಳನ್ನೂ ಮತ್ತೆ ಪರಿಶೀಲಿಸಬೇಕಾಯಿತು. ಓಡುವ ದೋಣಿಯ ಈಜು ಹಲಗೆ ಹಿಡಿದು ತೇಲುವ ಆಟ ಇನ್ನಷ್ಟು ಜೀವ ತೆಗೆದ ಮೇಲೆ ಕ್ಯಾಲಿಫೋರ್ನಿಯಾ 2004ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಇಲ್ಲಿ ಹೊಗೆ ಬಿಟ್ಟದ್ದು ಸರಿಯಾಗಿಯೇ ಕೆಲಸ ಮಾಡುತ್ತಿದ್ದ ಎಂಜಿನ್‌ಗಳು. ಹರಿದ ಬೆಲ್ಲೋಸ್ ಇರುವ ದೋಣಿ ಇದೇ ಸ್ಥಿತಿಯನ್ನು ತಾನಾಗಿ ತಂದುಕೊಳ್ಳುತ್ತದೆ.

ಹಾಗಾಗಿ ಬೆಲ್ಲೋಸ್ ಬದಲಿಸುವುದು ಬೇಡವೆನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ. ಡ್ರೈವನ್ನು ಕಳಚಿ, ಬೆಲ್ ಹೌಸಿಂಗಿನ ಪಿನ್ನುಗಳನ್ನು ತಕ್ಕ ಉಪಕರಣದಿಂದ ಬಿಚ್ಚಿ, ಹಳೆಯ ರಬ್ಬರ್ ಕೂತಿದ್ದ ಅಂಚನ್ನು ತುಕ್ಕು, ಹಳೆ ಅಂಟು ಉಳಿಯದಂತೆ ಹೊಳೆಯುವವರೆಗೆ ಉಜ್ಜಬೇಕು. ಹಿಂದಿನ ತುದಿಯನ್ನು ಕೂರಿಸಲು ಒಳಗಿನಿಂದ ರಬ್ಬರನ್ನು ಹಿಗ್ಗಿಸಿ ಹಿಡಿಯುವ ಇಕ್ಕಳವಿದೆ. ಅದಿಲ್ಲದೆ ಒದ್ದಾಡಿ ಕೂರಿಸಿದ್ದು ಅರ್ಧ ಅಂಚಿನಲ್ಲಿ ಮಾತ್ರ ಕೂತಿರುತ್ತದೆ, ಮೊದಲ ತಿರುವಿನಲ್ಲೇ ಕಳಚುತ್ತದೆ. ಕ್ಲಾಂಪಿನ ಕೆಳಗೆ ಇರುವ ಸಣ್ಣ ಲೋಹದ ಕ್ಲಿಪ್ಪನ್ನು ಕಸವೆಂದು ಎಸೆಯುವವರಿದ್ದಾರೆ. ರಬ್ಬರಿನ ಎರಡು ಬದಿಯ ಲೋಹಗಳಿಗೆ ವಿದ್ಯುತ್ ಸಂಪರ್ಕ ಕೊಟ್ಟು ಡ್ರೈವನ್ನು ತುಕ್ಕಿನಿಂದ ಕಾಯುವುದು ಅದೇ. ಇಷ್ಟು ಬಿಚ್ಚಿದ ಮೇಲೆ ಶಾಫ್ಟಿನ ಬೆಲ್ಲೋಸನ್ನೂ ಗೇರ್ ಕೇಬಲ್ಲಿನ ಬೆಲ್ಲೋಸನ್ನೂ ಜೊತೆಗೇ ಬದಲಿಸದಿರುವುದು ಉಳಿತಾಯವಲ್ಲ. ದೋಣಿ ನಿಲ್ಲಿಸುವಾಗ ಡ್ರೈವನ್ನು ಪೂರ್ತಿ ಕೆಳಗೆ ಇಳಿಸಿಡಬೇಕು. ಮೇಲೆತ್ತಿ ತಿಂಗಳುಗಟ್ಟಲೆ ಬಿಟ್ಟರೆ ಮಡಿಕೆಗಳು ಹಿಗ್ಗಿದ ಜಾಗದಲ್ಲೇ ಬಿರುಕು ಬಿಡುತ್ತವೆ. ಉತ್ತರ ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ಮಸ್ಕ್‌ರ‍್ಯಾಟ್ ಎಂಬ ದೊಡ್ಡ ನೀರಿಲಿ ಈ ರಬ್ಬರನ್ನು ಕಡಿದು ತೂತು ಮಾಡುವುದೂ ಉಂಟು. ಹಲ್ಲಿನ ಗುರುತು ಕಂಡರೆ ಕ್ಲಾಂಪನ್ನು ದೂರಬೇಕಿಲ್ಲ.

ರಿಪೇರಿ ಮುಗಿದ ಮೇಲಿನ ಪರೀಕ್ಷೆಯಲ್ಲಿ ಕಿವಿಗೆ ಕೆಲಸವಿಲ್ಲ. ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ತಣಿದ ಮೇಲೆ ಬೋಲ್ಟುಗಳ ಬಿಗಿಯನ್ನು ತಯಾರಕರ ಕೈಪಿಡಿ ಹೇಳುವಂತೆ ಮತ್ತೆ ನೋಡಿ, ಕಾರ್ಬನ್ ಮೊನಾಕ್ಸೈಡ್ ಮೀಟರ್ ಹಿಡಿದು ನೀರಿಗಿಳಿಯಬೇಕು. ಎಂಜಿನ್ ಕೋಣೆಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ಉಸಿರಾಡುವ ಎತ್ತರದಲ್ಲಿ, ನಿಂತ ದೋಣಿಯಲ್ಲಿ, ನಿಧಾನ ಓಟದಲ್ಲಿ, ಹಿಂದಿನಿಂದ ಗಾಳಿ ಬೀಸುವಾಗ, ಮಳೆಯ ಪರದೆ ಕಟ್ಟಿದಾಗ, ಹೀಗೆ ಬೇರೆ ಬೇರೆಯಾಗಿ ಓದಬೇಕು. ವಿಷ ಏರಿದಾಗ ಬರುವ ತಲೆನೋವು, ವಾಕರಿಕೆಗಳನ್ನು ಬಿಸಿಲಿನದೋ ಅಲೆಯ ತೂಗಾಟದ್ದೋ ಎಂದು ಜನ ತಿಳಿಯುತ್ತಾರೆ. ಆದ್ದರಿಂದ ಮೈಯ ಸೂಚನೆಗೆ ಕಾಯದೆ ಮೀಟರನ್ನೇ ನಂಬಬೇಕು. ಎಂಜಿನ್ ಕೋಣೆಯಲ್ಲಿ ಮುಳ್ಳು ಏರಿದರೆ ಒಳಗಿನ ಯಾವುದೋ ಕೂಡುಜಾಗ ಇನ್ನೂ ಸೋರುತ್ತಿದೆ. ಮತ್ತೆ ಸೋಪಿನ ನೀರು ಹಿಡಿಯಬೇಕು. ಎಂಜಿನ್ ಕೋಣೆ ಶುದ್ಧವಾಗಿದ್ದು ಹಿಂದಿನ ಸೀಟಿನಲ್ಲಿ ಮಾತ್ರ, ಅದೂ ಪರದೆ ಕಟ್ಟಿ ಓಡುವಾಗ ಮಾತ್ರ ಏರಿದರೆ ಅದು ಸೋರಿಕೆಯಲ್ಲ. ಓಡುವ ದೋಣಿಯ ಮೊಂಡು ಹಿಂಗೋಡೆಯ ಹಿಂದೆ ಗಾಳಿಯ ಒತ್ತಡ ಇಳಿದು, ಸರಿಯಾದ ಜಾಗದಲ್ಲೇ ಹೊರಬಿದ್ದ ಹೊಗೆ ಮತ್ತೆ ಒಳಕ್ಕೆ ಸೆಳೆಯಲ್ಪಡುತ್ತಿದೆ. ಅದಕ್ಕೆ ಸ್ಪ್ಯಾನರ್ ಬೇಡ. ಮುಂದಿನ ಕಿಂಡಿ ತೆರೆದು, ಹಿಂದಿನ ಪರದೆ ಬಿಚ್ಚಿ, ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯಲು ಬಿಟ್ಟು ಮೀಟರನ್ನು ಮತ್ತೊಮ್ಮೆ ಓದಬೇಕು.